ಪಾತ್ರ ಮೊದಲು ಇಳಿಯುವುದು ಕಾಲಿಗೆ!

ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ಎದ್ದು ನಿಲ್ಲಿ. ನಿಮ್ಮ ಹಣೆಗೆ ಯಾರೋ ಕಾಣದ ದಾರ ಕಟ್ಟಿ ಮುಂದಕ್ಕೆ ಎಳೆಯುತ್ತಿದ್ದಾರೆ ಅಂದುಕೊಳ್ಳಿ. ಆ ಎಳೆತಕ್ಕೆ ಮೈಕೊಟ್ಟು ಹತ್ತು ಹೆಜ್ಜೆ ನಡೆಯಿರಿ. ಈಗ ದಾರವನ್ನು ಹಣೆಯಿಂದ ಬಿಚ್ಚಿ ಎದೆಗೆ ಕಟ್ಟಿಕೊಳ್ಳಿ, ಮತ್ತೆ ಹತ್ತು ಹೆಜ್ಜೆ. ಆಮೇಲೆ ಹೊಟ್ಟೆಗೆ. ಆಮೇಲೆ ಮೊಣಕಾಲಿಗೆ. ಏನಾಯಿತು, ಗಮನಿಸಿದಿರಾ? ಹಣೆ ಮುಂದಾದಾಗ ಏನೋ ಲೆಕ್ಕ ಹಾಕುತ್ತಾ ಹೊರಟಿದ್ದವರಿಗೆ, ಎದೆ ಮುಂದಾದ ಕೂಡಲೇ ಎದುರು ಸಿಕ್ಕವರನ್ನೆಲ್ಲ ಮಾತಾಡಿಸಬೇಕು ಅನ್ನಿಸಿತು. ಹೊಟ್ಟೆ ಮುಂದಾದಾಗ ಬೀದಿಗೆ ಬೀದಿಯೇ ನಿಮ್ಮದಾಯಿತು. ಮೊಣಕಾಲಿನ ಸರದಿ ಬಂದಾಗ ಎಲ್ಲಿಂದಲೋ ಒಂದು ಅಳುಕು. ಒಂದು ಮಾತೂ ಆಡಿಲ್ಲ, ಬಣ್ಣ ಹಚ್ಚಿಲ್ಲ, ವೇಷ ಕಟ್ಟಿಲ್ಲ. ಆದರೂ ನಿಮ್ಮ ಮೈಯೊಳಗೆ ನಾಲ್ಕು ಜನ ಬಂದು ಹೋದರು!

ರಷ್ಯಾದಲ್ಲಿ ಹುಟ್ಟಿದ ನಟ ಮೈಕೆಲ್ ಚೆಕಾಫ್, ಕಥೆಗಾರ ಆಂಟನ್ ಚೆಕಾಫರ ಅಣ್ಣನ ಮಗ, ತಮ್ಮ ನಟರಿಗೆ ಕಲಿಸುತ್ತಿದ್ದುದು ಇದನ್ನೇ: ಪಾತ್ರದ ಕೇಂದ್ರ ಮೈಯ ಯಾವ ಭಾಗದಲ್ಲಿದೆ ಎಂದು ಕಲ್ಪಿಸಿಕೊಳ್ಳಿ, ನಡಿಗೆ ತಾನಾಗಿಯೇ ಬದಲಾಗುತ್ತದೆ, ನಡಿಗೆಯ ಹಿಂದೆಯೇ ಮನಸ್ಸೂ ಬರುತ್ತದೆ. 1953ರಲ್ಲಿ ಬಂದ ಅವರ ನಟನೆಯ ಪುಸ್ತಕವನ್ನು ರಂಗಭೂಮಿಯವರು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ. ಆದರೆ ಪುಸ್ತಕದಲ್ಲಿ ಓದುವುದು ಬೇರೆ, ಅದು ಕಣ್ಣೆದುರೇ ಘಟಿಸುವುದನ್ನು ನೋಡುವುದೇ ಬೇರೆ. ನಾನು ಅದನ್ನು ಕಂಡದ್ದು ಬೆಂಗಳೂರಿನ ಒಂದು ಹವ್ಯಾಸಿ ತಂಡದ ತಾಲೀಮಿನಲ್ಲಿ. ಅವರು ಎತ್ತಿಕೊಂಡಿದ್ದ ನಾಟಕ ಗಿರೀಶ ಕಾರ್ನಾಡರ ‘ಹಯವದನ’.

ಈ ಪ್ರಯೋಗಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ನಾಟಕ ಇನ್ನೊಂದಿದೆಯೇ? ದೇವದತ್ತ ವಿದ್ವಾಂಸ, ಕವಿ, ನಾಜೂಕಿನವನು. ಅವನ ಜೀವದ ಗೆಳೆಯ ಕಪಿಲ ಕಮ್ಮಾರನ ಮಗ, ಕಬ್ಬಿಣದಂಥ ಮೈಯವನು. ಕಾಳಿಯ ಗುಡಿಯಲ್ಲಿ ಇಬ್ಬರ ತಲೆಯೂ ಉರುಳುತ್ತದೆ. ದೇವಿ ವರ ಕೊಟ್ಟಾಗ ಗಾಬರಿಯಲ್ಲಿ ದೇವದತ್ತನ ಹೆಂಡತಿ ಪದ್ಮಿನಿ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಸೇರಿಸಿಬಿಡುತ್ತಾಳೆ. ಹಾಗಾದರೆ ಗಂಡ ಯಾರು? ತಲೆಯೋ, ಮೈಯೋ? 1971ರಲ್ಲಿ ಪ್ರಕಟವಾದ ಈ ನಾಟಕದ ಬಗ್ಗೆ ವಿಮರ್ಶೆಗಳು ಬೇಕಾದಷ್ಟು ಬಂದಿವೆ. ತಾಲೀಮಿನ ಹಾಲ್‌ನಲ್ಲಿ ಅದೇ ಪ್ರಶ್ನೆಯನ್ನು ಬರಿಗಾಲಲ್ಲಿ ನಿಂತವರು ಮೈಯಿಂದಲೇ ಕೇಳುತ್ತಿದ್ದರು.

‘ಪುಸ್ತಕ ಕೆಳಗಿಡಿ, ಸುಮ್ಮನೆ ನಡೀರಿ’ ಎಂದರು ನಿರ್ದೇಶಕರು. ದೇವದತ್ತನಾಗಬೇಕಿದ್ದ ಹುಡುಗ ಹಣೆಯನ್ನು ಮುಂದಿಟ್ಟು ನಡೆದ. ಕಪಿಲನ ಪಾತ್ರಧಾರಿ ಭುಜ, ಎದೆ ಮುಂದಿಟ್ಟು ನಡೆದ. ಆ ನಡಿಗೆಯಲ್ಲೇ ಅರ್ಧ ಗಂಟೆ. ಒಬ್ಬ ಗೋಡೆಯ ಹತ್ತಿರ ಬಂದಾಗ ನಿಧಾನಿಸಿ ತಿರುಗುತ್ತಾನೆ. ಇನ್ನೊಬ್ಬ ಅಂಗೈಯಿಂದ ಗೋಡೆಯನ್ನು ಗುದ್ದಿಯೇ ತಿರುಗುತ್ತಾನೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ!

ಆಮೇಲೆ ಬಂತು ಲಾಬನ್ ಆಟ. ರುಡಾಲ್ಫ್ ಲಾಬನ್ ನೃತ್ಯದ ದೊಡ್ಡ ಚಿಂತಕ. ನಾಜಿ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಕೆಲಸಗಾರರು ಹೇಗೆ ಎತ್ತುತ್ತಾರೆ, ತಳ್ಳುತ್ತಾರೆ, ತಿರುಗಿಸುತ್ತಾರೆ ಎಂದು ಕಣ್ಣಿಟ್ಟು ನೋಡಿದರು. 1947ರಲ್ಲಿ ಎಫ್. ಸಿ. ಲಾರೆನ್ಸ್ ಜೊತೆ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅವರು ಕಂಡುಕೊಂಡದ್ದು ಬೆರಗಾಗುವಷ್ಟು ಸರಳ. ಯಾವುದೇ ಚಲನೆ ಬಲವಾಗಿರಬಹುದು ಅಥವಾ ಹಗುರವಾಗಿರಬಹುದು. ಥಟ್ಟನೆ ಆಗಬಹುದು, ಇಲ್ಲವೇ ಸಾವಕಾಶವಾಗಿ. ನೇರವಾಗಿ ಹೋಗಬಹುದು, ಇಲ್ಲವೇ ಸುತ್ತಿ ಬಳಸಿ. ಮೂರು ಜೋಡಿಗಳನ್ನು ಬೆರೆಸಿದರೆ ಎಂಟು ಬಗೆ: ಗುದ್ದುವುದು, ಒತ್ತುವುದು, ಬೀಸುವುದು, ಹಿಂಡುವುದು, ತಟ್ಟುವುದು, ಜಾರುವುದು, ಕೊಡವುವುದು, ತೇಲುವುದು. ಕಾರ್ಖಾನೆಯ ದುಡಿಮೆಯನ್ನೂ ನರ್ತಕಿಯ ಕೈಯನ್ನೂ ಒಂದೇ ಲೆಕ್ಕದಲ್ಲಿ ಅಳೆಯುವ ಎಂಟು ಕ್ರಿಯೆಗಳು!

ನಿರ್ದೇಶಕರು ಪದ್ಮಿನಿಯ ಪಾತ್ರಧಾರಿಗೆ ಒಂದು ಸಾದಾ ಮಾತು ಕೊಟ್ಟರು: ‘ನೀರು ಕುಡೀತೀಯಾ?’ ಅದನ್ನು ಎಂಟೂ ಬಗೆಯಲ್ಲಿ ಮೊದಲು ಮೈಯಿಂದ ಮಾಡಿ, ಆ ಮೈಯಿಂದಲೇ ಮಾತು ಹೊರಡಿಸಬೇಕು. ಅವಳು ಗಾಳಿಯನ್ನು ಗುದ್ದುತ್ತಾ ಕೇಳಿದಾಗ ಅದು ಜಗಳ. ಒದ್ದೆ ಬಟ್ಟೆ ಹಿಂಡುವಂತೆ ತೋಳು ತಿರುಚುತ್ತಾ ಕೇಳಿದಾಗ ಗಂಟಲಲ್ಲಿ ಏನೋ ಹಳೆಯ ನೋವು. ಬೆರಳ ತುದಿಯಿಂದ ಕೊಡವಿದಾಗ ತುಂಟತನ. ಕೊನೆಗೆ ತೇಲುತ್ತಾ ಕೇಳಿದಳು ನೋಡಿ! ತಾನು ಯಾರನ್ನು ಕೇಳುತ್ತಿದ್ದೇನೆ ಎನ್ನುವುದೇ ಮರೆತುಹೋದ ಹೆಣ್ಣೊಬ್ಬಳು ನಮ್ಮೆದುರು ನಿಂತಿದ್ದಳು. ಎರಡೇ ಎರಡು ಪದ, ಎಂಟು ಹೆಂಗಸರು. ದನಿ ಏರಿಸು, ಇಳಿಸು, ದುಃಖ ತಂದುಕೋ ಎಂದು ಯಾರೂ ಹೇಳಿರಲಿಲ್ಲ. ತೋಳು ತಿರುಚಿದ್ದಕ್ಕೆ ಉಸಿರು ತಿರುಚಿಕೊಂಡಿತು, ಉಸಿರು ತಿರುಚಿದ್ದಕ್ಕೆ ದನಿ ಬದಲಾಯಿತು, ದನಿ ಕೇಳಿ ಅವಳ ಮನಸ್ಸೇ ಬದಲಾಯಿತು.

ಇನ್ನು ನಾಟಕದಲ್ಲಿ ಇಲ್ಲದ ಒಂದು ಸಂದರ್ಭ. ತಲೆ ಬದಲಾಗಿದೆ. ಕಪಿಲನ ಮೈ ಪಡೆದ ದೇವದತ್ತ ಮನೆಗೆ ಬಂದಿದ್ದಾನೆ, ಪದ್ಯ ಬರೆಯಲು ಕೂರುತ್ತಾನೆ. ‘ಇಷ್ಟೇ ಗೊತ್ತು, ಮುಂದಿನದು ನಿಮ್ಮದು’ ಎಂದು ನಿರ್ದೇಶಕರು ಗೋಡೆಗೊರಗಿದರು. ಇಂಪ್ರೊವೈಸೇಷನ್ ಎಂದರೆ ಮನಸ್ಸಿಗೆ ಬಂದದ್ದನ್ನು ಮಾಡುವುದು ಎಂದು ತಿಳಿದವರು ಈ ಕ್ಷಣವನ್ನು ನೋಡಬೇಕಿತ್ತು. ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎನ್ನುವ ಮೂರೂ ಖಚಿತವಾಗಿರಬೇಕು. ಅಮೆರಿಕದ ವಯೋಲಾ ಸ್ಪೋಲಿನ್ ತಮ್ಮ ರಂಗ ಆಟಗಳನ್ನೆಲ್ಲ ಕಟ್ಟಿದ್ದು ಈ ಮೂರರ ಮೇಲೆಯೇ. ಉಳಿದದ್ದು ಖಾಲಿ. ಆ ಖಾಲಿಯಲ್ಲೇ ಪಾತ್ರ ಓಡಾಡಬೇಕು.

ಹುಡುಗ ಚಕ್ಕಂಬಕ್ಕಳ ಹಾಕಲು ಹೋದ. ತೊಡೆ ಮಡಚಲಿಲ್ಲ. ಒಂದು ಕಾಲು ಚಾಚಿಯೇ ಕೂತ. ಇಲ್ಲದ ಲೇಖನಿಯನ್ನು ಎತ್ತಿಕೊಂಡ. ಎತ್ತಿಕೊಂಡದ್ದು ಬೆರಳಲ್ಲಲ್ಲ, ಮುಷ್ಟಿಯಲ್ಲಿ, ಸುತ್ತಿಗೆಯ ಹಿಡಿಯನ್ನು ಹಿಡಿಯುವ ಹಾಗೆ! ಅವನ ಕಣ್ಣು ನಿಧಾನವಾಗಿ ಆ ಮುಷ್ಟಿಯ ಕಡೆ ಇಳಿಯಿತು. ಇದು ಯಾರ ಕೈ ಎನ್ನುವ ನೋಟ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಷ್ಟರಲ್ಲಿ ಪದ್ಮಿನಿ ನೀರಿನ ಲೋಟ ಹಿಡಿದು ಬಂದಳು. ಅವಳ ಮುಖ ಅವನ ಮುಖವನ್ನೇ ನೋಡುತ್ತಿತ್ತು, ಮಾತೂ ಮುಖದ ಜೊತೆಗೇ. ಲೋಟ ಕೆಳಗಿಟ್ಟ ಕೈ ಮಾತ್ರ ತನ್ನಷ್ಟಕ್ಕೆ ಹೋಗಿ ಆ ತೋಳಿನ ಮೇಲೆ ಕೂತಿತು. ಅವಳಿಗೇ ಅದು ಗೊತ್ತಾದದ್ದು ಆಮೇಲೆ. ತಕ್ಷಣ ಹಿಂದಕ್ಕೆಳೆದುಕೊಂಡಳು. ಹಾಲ್‌ನಲ್ಲಿ ಯಾರೂ ಉಸಿರು ಬಿಡಲಿಲ್ಲ. ಇಡೀ ನಾಟಕದ ಗುಟ್ಟು ಆ ಒಂದು ಕೈಯ ದಾರಿಯಲ್ಲಿ ಬಯಲಾಗಿತ್ತು!

ಮೈಯಿಂದ ಪಾತ್ರವನ್ನು ಹುಡುಕುವ ಈ ದಾರಿಗೆ ದೊಡ್ಡ ಹೆಸರೊಂದರ ಬೆಂಬಲವೂ ಇದೆ. ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಎಂದರೆ ಒಳಗಿನ ಭಾವ, ನೆನಪಿನ ಭಾವ ಎಂದು ನಾವು ಕಲಿತಿದ್ದೇವೆ. ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಹಿಡಿದದ್ದು ದೈಹಿಕ ಕ್ರಿಯೆಯ ದಾರಿ. ಮಾಸ್ಕೋದಲ್ಲಿ, ಆರೋಗ್ಯ ಕೆಟ್ಟು ಮನೆಯಲ್ಲೇ ಉಳಿದಿದ್ದ ಆ ಹಿರಿಯರು ಮೋಲಿಯೇರನ ‘ತಾರ್ತೂಫ್’ ನಾಟಕವನ್ನು ನಟರ ಕೈಗೆ ಕೊಟ್ಟರು. ಮಾತು ಬಾಯಿಪಾಠ ಮಾಡಬೇಡಿ, ಈ ಮನೆಯಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದನ್ನು ಮೊದಲು ಮಾಡಿ ತೋರಿಸಿ ಎಂದರು. ಓರ್ಗೋನ್ ಪಾತ್ರದ ವಾಸಿಲಿ ತೊಪೊರ್ಕೊವ್ ಆ ತಾಲೀಮಿನ ಅನುಭವವನ್ನು ಆಮೇಲೆ ಪುಸ್ತಕವಾಗಿ ಬರೆದರು. ಭಾವಕ್ಕೆ ಅಪ್ಪಣೆ ಕೊಟ್ಟರೆ ಅದು ಬರುವುದಿಲ್ಲ. ಕ್ರಿಯೆಯನ್ನು ಪ್ರಾಮಾಣಿಕವಾಗಿ ಮಾಡಿದರೆ ಭಾವ ಅದರ ಬೆನ್ನಿಗೇ ಬರುತ್ತದೆ. ಸ್ತಾನಿಸ್ಲಾವ್‌ಸ್ಕಿ 1938ರಲ್ಲಿ ತೀರಿಕೊಂಡರು. ನಾಟಕ ರಂಗಕ್ಕೆ ಬಂದದ್ದು ಮರುವರ್ಷ.

ಹಾಗೆಂದು ಇದೆಲ್ಲ ಹೊರಗಿನಿಂದಲೇ ಬಂತೇ? ನಾಟ್ಯಶಾಸ್ತ್ರವನ್ನು ತೆರೆಯಿರಿ. ನಡಿಗೆಗೆಂದೇ ಒಂದು ಇಡೀ ಅಧ್ಯಾಯ! ರಾಜ ಹೇಗೆ ನಡೆಯಬೇಕು, ಮುದುಕ ಹೇಗೆ, ಕುಡಿದವನು ಹೇಗೆ, ಕುರುಡ ಹೇಗೆ, ರಥ ಏರುವವನು ಹೇಗೆ ಎಂದು ಗತಿಗಳನ್ನು ಬಿಡಿಸಿ ಹೇಳಿದೆ. ನಮ್ಮ ಕರಾವಳಿ, ಮಲೆನಾಡಿನ ಯಕ್ಷಗಾನವನ್ನು ನೋಡಿ. ಒಡ್ಡೋಲಗದಲ್ಲಿ ಪಾತ್ರ ಮೊದಲು ತನ್ನನ್ನು ತೋರಿಸಿಕೊಳ್ಳುವುದು ಕುಣಿತದಲ್ಲಿ, ಹೆಜ್ಜೆಯಲ್ಲಿ. ಮಾತು ಬರುವುದು ಆಮೇಲೆ. ಆ ಮಾತೂ ಬರೆದಿಟ್ಟದ್ದಲ್ಲ! ಪ್ರಸಂಗದಲ್ಲಿ ಇರುವುದು ಭಾಗವತರು ಹಾಡುವ ಪದ್ಯ. ಅದಕ್ಕೆ ಅರ್ಥ ಹೇಳುವ ಕಲಾವಿದ ಅಲ್ಲೇ, ಆಗಲೇ, ಎದುರಿನವನ ಮಾತಿಗೆ ಸರಿಯಾಗಿ ತನ್ನ ಮಾತನ್ನು ಕಟ್ಟುತ್ತಾನೆ. ಪುರಾಣವನ್ನು ಅರೆದು ಕುಡಿದವನಿಗೆ, ತಾಳವನ್ನು ಮೈಗೂಡಿಸಿಕೊಂಡವನಿಗೆ ಮಾತ್ರ ದಕ್ಕುವ ಸ್ವಾತಂತ್ರ್ಯ ಅದು. ರಾತ್ರಿಯಿಡೀ ಆಶುವಾಗಿ ಮಾತು ಕಟ್ಟುವವರನ್ನು ಕಂಡು ಬೆಳೆದ ನಾಡು ನಮ್ಮದು!

ಬೆಂಗಳೂರಿನ ಆ ತಾಲೀಮಿನಲ್ಲಿ ಮತ್ತೆ ಪುಸ್ತಕ ಕೈಗೆ ಬಂದಾಗ ಏನಾಯಿತು? ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ. ಕಾರ್ನಾಡರ ಮಾತುಗಳು ಸವೆಯಲಿಲ್ಲ, ಅಲುಗಲಿಲ್ಲ, ಇನ್ನಷ್ಟು ಗಟ್ಟಿಯಾದವು. ತನ್ನ ಮೈಯನ್ನೇ ತಾನು ಅಚ್ಚರಿಯಿಂದ ನೋಡಿಕೊಂಡ ಹುಡುಗನಿಗೆ, ಮೈಗೂ ನೆನಪಿದೆ ಎನ್ನುವ ನಾಟಕದ ದೊಡ್ಡ ಮಾತು ಯಾರೋ ಬರೆದುಕೊಟ್ಟದ್ದು ಅನ್ನಿಸಲಿಲ್ಲ, ತಾನೇ ಕಂಡದ್ದು ಅನ್ನಿಸಿತು. ಆಶು ಅಭಿನಯ ನಾಟಕಕಾರನಿಗೆ ಎದುರು ನಿಲ್ಲುವುದಿಲ್ಲ. ಅವನು ಬರೆಯುವ ಮೊದಲು ಕಂಡದ್ದೇನು ಎಂದು ಹುಡುಕಿಕೊಂಡು ಹೊರಡುತ್ತದೆ.

ಅದಕ್ಕೇ ಕಾಲೇಜುಗಳಲ್ಲಿ, ಊರೂರಿನ ಸಂಘಗಳಲ್ಲಿ ನಾಟಕ ಕಟ್ಟುವ ಎಲ್ಲರಿಗೂ ನನ್ನದೊಂದು ಕಳಕಳಿಯ ಮಾತು. ಸ್ಪರ್ಧೆಯ ದಿನ ಹತ್ತಿರವಿದ್ದರೂ ಸರಿಯೇ, ಮಾತು ಬಾಯಿಪಾಠ ಮಾಡಿಸುವ ಮೊದಲು ಹುಡುಗರನ್ನು ಬರಿಗಾಲಲ್ಲಿ ನಡೆಸಿ. ಪಾತ್ರದ ಹೊಟ್ಟೆಪಾಡೇನು, ಅದು ಹೇಗೆ ಕೂರುತ್ತದೆ, ಲೋಟವನ್ನು ಹೇಗೆ ಹಿಡಿಯುತ್ತದೆ ಎಂದು ಮೈಯಿಂದ ಹುಡುಕಲು ಬಿಡಿ. ಇದಕ್ಕೆ ಲೈಟು ಬೇಡ, ಸೆಟ್ ಬೇಡ, ದುಡ್ಡು ಬೇಡ. ಒಂದು ಖಾಲಿ ನೆಲ, ಒಂದಿಷ್ಟು ಹೊತ್ತು, ಕಾಯುವ ತಾಳ್ಮೆ ಸಾಕು. ತನ್ನೊಳಗೆ ಇಷ್ಟು ಜನ ಇದ್ದಾರೆ ಎಂದು ಒಮ್ಮೆ ಮೈಯಿಂದ ತಿಳಿದ ಹುಡುಗಿ ಬೀದಿಯಲ್ಲಿ ಹೋಗುವ ಯಾರನ್ನೂ ಇನ್ನು ಮೊದಲಿನಂತೆ ನೋಡುವುದಿಲ್ಲ. ರಂಗಭೂಮಿ ಕೊಡುವ ವಿದ್ಯೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ!