ಒಡೆದ ಮನೆಯ ಸೇನಾನಿ: ಸ್ಟ್ಯಾಂಡ್ ವೇಟೀ

ಅಮೆರಿಕದ ಅಂತರ್ಯುದ್ಧವು 1865ರ ಏಪ್ರಿಲ್ 9ರಂದು ದಕ್ಷಿಣ ಪಕ್ಷದ ಜನರಲ್ ಲೀ ಶರಣಾದೊಡನೆ ಮುಗಿಯಿತೆಂದು ಸಾಮಾನ್ಯವಾಗಿ ತಿಳಿಯಲಾಗಿದೆಯಾದರೂ, ಆ ಪಕ್ಷದ ಸೇನಾಧಿಪತಿಗಳಲ್ಲಿ ಕಟ್ಟಕಡೆಯವನು ಶಸ್ತ್ರವನ್ನು ಕೆಳಗಿಟ್ಟದ್ದು ಜೂನ್ 23ರಂದು, ಚೋಕ್ಟಾ ಜನಾಂಗದ ಸೀಮೆಯ ಡೋಕ್ಸ್‌ವಿಲ್ಲಿನಲ್ಲಿ. ಆತನು ಬಿಳಿಯನಲ್ಲ, ಚೆರೋಕೀ ಎಂಬ ಮೂಲನಿವಾಸಿ ಜನಾಂಗದ ಮುಖಂಡ, ಬ್ರಿಗೇಡಿಯರ್ ಜನರಲ್ ಸ್ಟ್ಯಾಂಡ್ ವೇಟೀ. ತನ್ನ ಜನರನ್ನು ಪೂರ್ವಿಕರ ನೆಲದಿಂದ ಕಿತ್ತೆಸೆದವರಲ್ಲಿ ಜಾರ್ಜಿಯ ಸಂಸ್ಥಾನವೇ ಅಗ್ರಗಣ್ಯವಾಗಿರಲು, ಅದೇ ಜಾರ್ಜಿಯವೂ ಸೇರಿದ್ದ ಪಕ್ಷದ ಪತಾಕೆಯಡಿಯಲ್ಲಿ ಈತನು ಏಕೆ ಕಾದಿದನೆಂಬುದನ್ನು ಅರಿಯಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ವೇಟೀ ಜನಿಸಿದ್ದು 1806ರಲ್ಲಿ, ಇಂದಿನ ಜಾರ್ಜಿಯದ ಕ್ಯಾಲ್‌ಹೂನ್ ಪಟ್ಟಣದ ಸಮೀಪದಲ್ಲಿ. ಅಂದಿನ ಚೆರೋಕೀಯರನ್ನು ಬೇಟೆಯಾಡಿಕೊಂಡು ಅಲೆಯುತ್ತಿದ್ದ ವನಚರರೆಂದು ಭಾವಿಸುವುದು ಅನ್ಯಾಯ. ಅವರಿಗೆ ಬೇಸಾಯವಿತ್ತು, ಲಿಖಿತ ಸಂವಿಧಾನವಿತ್ತು, ನ್ಯಾಯಸ್ಥಾನಗಳಿದ್ದುವು. ಸಿಕ್ವೋಯಾ ಎಂಬ ಪ್ರತಿಭಾಶಾಲಿ ನಿರ್ಮಿಸಿಕೊಟ್ಟ ಸ್ವಂತ ಲಿಪಿಯಿತ್ತು. ಆ ಲಿಪಿಯಲ್ಲಿಯೂ ಇಂಗ್ಲಿಷಿನಲ್ಲಿಯೂ 1828ರಿಂದ ನ್ಯೂ ಎಕೋಟ ನಗರದಲ್ಲಿ 'ಚೆರೋಕೀ ಫೀನಿಕ್ಸ್' ಎಂಬ ಪತ್ರಿಕೆ ಹೊರಟಿತು. ಅದರ ಪ್ರಥಮ ಸಂಪಾದಕ ಎಲಿಯಾಸ್ ಬೌಡಿನಾಟ್ ವೇಟೀಯ ಒಡಹುಟ್ಟಿದ ಅಣ್ಣ.

ಅಷ್ಟರಲ್ಲಿ ಆ ನೆಲದಲ್ಲಿ ಚಿನ್ನ ದೊರೆಯಿತು. ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆಗೆ ಸಾಗಿಸುವ ಶಾಸನ 1830ರಲ್ಲಿ ಬಂದಿತು. ಚೆರೋಕೀ ನೆಲದಲ್ಲಿ ಜಾರ್ಜಿಯದ ಕಾನೂನು ಸಲ್ಲದೆಂದು ಪರಮೋಚ್ಚ ನ್ಯಾಯಾಲಯವೇ 1832ರಲ್ಲಿ ತೀರ್ಪಿತ್ತರೂ ಅದನ್ನು ನಡೆಸಿಕೊಡುವವರು ಇರಲಿಲ್ಲ. ಪ್ರಧಾನ ಮುಖಂಡನಾದ ಜಾನ್ ರಾಸ್, ಬಹುಜನರ ಬೆಂಬಲದೊಡನೆ, ನೆಲವನ್ನು ಬಿಡಲೊಲ್ಲೆನೆಂದು ನಿಂತನು. ವೇಟೀಯ ದೊಡ್ಡಪ್ಪ ಮೇಜರ್ ರಿಜ್, ಆತನ ಮಗ ಜಾನ್ ರಿಜ್, ಬೌಡಿನಾಟ್, ವೇಟೀ ಇವರು, ಉಳಿಯುವುದು ಅಸಾಧ್ಯವಾದ ಮೇಲೆ ಬೆಲೆಯನ್ನಾದರೂ ಪಡೆದು ಹೋಗುವುದು ಲೇಸೆಂದು ಬಗೆದು, ಜನರ ಅನುಮತಿಯಾಗಲಿ ಅಧಿಕಾರವಾಗಲಿ ಇಲ್ಲದೆ, 1835ರ ಡಿಸೆಂಬರಿನ ನ್ಯೂ ಎಕೋಟ ಒಪ್ಪಂದಕ್ಕೆ ಸಹಿ ಹಾಕಿದರು. ಐವತ್ತು ಲಕ್ಷ ಡಾಲರುಗಳಿಗೆ ಪೂರ್ವದ ಸಮಸ್ತ ಭೂಮಿಯೂ ಹೋಯಿತು. ಸೆನೆಟ್ಟಿನಲ್ಲಿ ಆ ಒಪ್ಪಂದವು ಒಂದೇ ಮತದಿಂದ ಉಳಿದುಕೊಂಡಿತು. ಅದರ ಬಲದಿಂದಲೇ 1838ರಲ್ಲಿ ಸೈನಿಕರು ಸುಮಾರು ಹದಿನಾರು ಸಾವಿರ ಮಂದಿಯನ್ನು ಮನೆಗಳಿಂದ ಹೊರಡಿಸಿದರು. ಕಣ್ಣೀರಿನ ಹಾದಿಯೆಂದು ಇಂದಿಗೂ ಹೆಸರಾಗಿರುವ ಆ ಪ್ರಯಾಣದಲ್ಲಿ ನಾಲ್ಕು ಸಾವಿರದಷ್ಟು ಜನ ಮಡಿದರೆಂದು ಅಂದಾಜು. ವೇಟೀ ಅದಕ್ಕೆ ಮುನ್ನವೇ ಪಶ್ಚಿಮವನ್ನು ಸೇರಿದ್ದನು.

ನೆಲವನ್ನು ಮಾರಿದವನಿಗೆ ಮರಣವೇ ದಂಡನೆಯೆಂಬ ಕಟ್ಟಳೆ ಚೆರೋಕೀಯರಲ್ಲಿತ್ತು. 1839ರ ಜೂನ್ 22ರಂದು ಒಂದೇ ದಿನ, ಮೂರು ಬೇರೆ ಬೇರೆ ಸ್ಥಳಗಳಲ್ಲಿ, ರಿಜ್ ತಂದೆಮಕ್ಕಳೂ ಬೌಡಿನಾಟನೂ ಕೊಲೆಯಾದರು. ಮುನ್ಸೂಚನೆ ಸಿಕ್ಕಿದ ವೇಟೀ ಒಬ್ಬನೇ ಪಾರಾದನು. ಅಣ್ಣನ ರಕ್ತವನ್ನು ಆತನು ಮರೆಯಲಿಲ್ಲ. 1842ರಲ್ಲಿ, ಹಂತಕರಲ್ಲಿ ಒಬ್ಬನೆಂದು ತಾನು ನಂಬಿದ್ದ ಜೇಮ್ಸ್ ಫೋರ್‌ಮನ್ನನನ್ನು ಕೊಂದು, ವಿಚಾರಣೆಯಲ್ಲಿ ಆತ್ಮರಕ್ಷಣೆಯೆಂದು ಬಿಡುಗಡೆ ಪಡೆದನು. 1845ರಲ್ಲಿ ಅವನ ತಮ್ಮ ಥಾಮಸನೂ ಹತನಾದನು. ಎರಡು ಬಣಗಳ ನಡುವಣ 1846ರ ಸಂಧಾನವು ಕೈಗಳನ್ನು ತಡೆಯಿತೇ ಹೊರತು ಮನಸ್ಸುಗಳನ್ನು ಕೂಡಿಸಲಿಲ್ಲ.

ಆದುದರಿಂದ 1861ರ ಯುದ್ಧವು ಚೆರೋಕೀಯರ ಪಾಲಿಗೆ ಹಳೆಯ ಹಗೆಯ ಮುಂದುವರಿಕೆಯಾಗಿ ಪರಿಣಮಿಸಿತು. ವೇಟೀ ಗುಲಾಮರನ್ನಿಟ್ಟುಕೊಂಡ ಭೂಮಾಲಿಕ. ದಕ್ಷಿಣದವರ ಹಿತವೂ ಅವನ ಹಿತವೂ ಅಲ್ಲಿ ಒಂದಾಗಿದ್ದುವೆಂಬುದನ್ನು ಮುಚ್ಚಿಡಬಾರದು. ರಾಸ್ ಮೊದಲು ತಟಸ್ಥನಾಗಿದ್ದು, ಆಮೇಲೆ ದಕ್ಷಿಣದೊಡನೆ ಒಪ್ಪಂದ ಮಾಡಿಕೊಂಡು, 1862ರಲ್ಲಿ ಉತ್ತರದ ಕಡೆಗೆ ಹೋದನು. ದಕ್ಷಿಣದ ಕಡೆ ಉಳಿದವರು ವೇಟೀಯನ್ನು ತಮ್ಮ ಮುಖಂಡನನ್ನಾಗಿ ಆರಿಸಿದರು. ಅಶ್ವದಳದ ನಾಯಕನಾಗಿ ಆತನ ಸಾಮರ್ಥ್ಯ ನಿರ್ವಿವಾದ: ಪೀ ರಿಜ್ ಕಾಳಗದಲ್ಲಿ ಫಿರಂಗಿಗಳನ್ನು ವಶಪಡಿಸಿಕೊಂಡನು, 1864ರ ಜೂನಿನಲ್ಲಿ ಅರ್ಕನ್ಸಾ ನದಿಯಲ್ಲಿ ಸಾಮಗ್ರಿ ತುಂಬಿದ ಹಬೆಹಡಗನ್ನು ಹಿಡಿದನು, ಸೆಪ್ಟೆಂಬರಿನಲ್ಲಿ ಕ್ಯಾಬಿನ್ ಕ್ರೀಕಿನ ಬಳಿ, ಟೆಕ್ಸಾಸಿನ ದಳವೊಂದರ ಜೊತೆಗೂಡಿ, ಸುಮಾರು ಮುನ್ನೂರು ಬಂಡಿಗಳ ಸಾಲನ್ನೇ ಸೂರೆಗೊಂಡನು. ಆದರೆ 1863ರಲ್ಲಿ ಅವನ ಸವಾರರು ಸುಟ್ಟದ್ದು ತಮ್ಮದೇ ರಾಜಧಾನಿ ತಾಲಿಕ್ವಾದ ಸಭಾಗೃಹವನ್ನು, ರಾಸನ ಮನೆಯನ್ನು. ಎರಡೂ ಪಕ್ಷದ ಹೆಂಗಸರೂ ಮಕ್ಕಳೂ ನಿರಾಶ್ರಿತರಾಗಿ ಅಲೆದರು.

ವೇಟೀಯ ಅಂತ್ಯಕಾಲ ದುಃಖಮಯ. ಗಂಡುಮಕ್ಕಳು ಮೂವರೂ ಅವನು ಬದುಕಿರುವಾಗಲೇ ತೀರಿಕೊಂಡರು. 1871ರ ಸೆಪ್ಟೆಂಬರ್ 9ರಂದು ತಾನೂ ಗತಿಸಿದನು. ಬಿಳಿಯರ ಬಲದ ಮುಂದೆ ನೆಲ ಉಳಿಯದೆಂದು ಆತನು ಕಂಡದ್ದು ಸುಳ್ಳಾಗಲಿಲ್ಲ. ಆದರೂ ಸಮಸ್ತ ಜನರ ನೆಲವನ್ನು ಕೆಲವರು ಮಾರಬಹುದೆಂದು ನಂಬಿದ್ದು, ಮನುಷ್ಯರನ್ನು ಸ್ವತ್ತೆಂದು ಎಣಿಸುವ ಪಕ್ಷಕ್ಕಾಗಿ ಕಾದಿದ್ದು, ಈ ಎರಡು ಅಪರಾಧಗಳನ್ನು ಅವನ ಶೌರ್ಯವಾಗಲಿ ಶೋಕವಾಗಲಿ ತೊಳೆಯಲಾರದು. ತಾಲಿಕ್ವಾದಲ್ಲಿ 1921ರಲ್ಲಿ ಅವನ ಹೆಸರಿನಲ್ಲಿ ನಿಲ್ಲಿಸಿದ್ದ ಸ್ಮಾರಕವನ್ನು 2020ರಲ್ಲಿ ಚೆರೋಕೀ ಸರ್ಕಾರವೇ ತೆಗೆಸಿತು.