ಬೇತಮಂಗಲದ ಮತ: ನೆಲ, ನೀರು, ಗಣಿ

ಗ್ರಾಮೀಣ ಮತದಾರನು ಜಾತಿಯನ್ನು ನೋಡಿ ಮತ ನೀಡುತ್ತಾನೆ, ಪಟ್ಟಣವಾಸಿಯು ತತ್ತ್ವವನ್ನು ನೋಡಿ ಮತ ನೀಡುತ್ತಾನೆ ಎಂಬ ಮಾತು ರೂಢಿಯಲ್ಲಿದೆ. ಮೇಲ್ನೋಟಕ್ಕೆ ಸರಿಯೆನಿಸುವ ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸತ್ಯ ಎಂಬುದನ್ನು ಪರಿಶೀಲಿಸಲು ಕೋಲಾರ ಜಿಲ್ಲೆಯ ಬೇತಮಂಗಲವು ಒಳ್ಳೆಯ ನಿದರ್ಶನವಾಗಿದೆ.

ಪೂರ್ವದಲ್ಲಿ ವಿಜಯಾದಿತ್ಯಮಂಗಲವೆನಿಸಿದ್ದ ಈ ಊರು ಪಾಲಾರ್ ನದಿಯ ವಿಶಾಲವಾದ ಕೆರೆಯಿಂದ ಪ್ರಸಿದ್ಧವಾದುದು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು ಭಾಷೆಗಳೆರಡೂ ಬಳಕೆಯಲ್ಲಿದ್ದು, ರಾಗಿ, ರೇಷ್ಮೆ, ತರಕಾರಿ ಮತ್ತು ಹೈನುಗಾರಿಕೆಗಳು ಜನರ ಜೀವನಾಧಾರವಾಗಿವೆ. ಕೆಲವೇ ಮೈಲಿಗಳಾಚೆ ಕೋಲಾರ ಚಿನ್ನದ ಗಣಿ ಪಟ್ಟಣವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೇತಮಂಗಲದ ನೀರು ಕೊಳವೆಗಳ ಮೂಲಕ ಆ ಪಟ್ಟಣವನ್ನು ಸೇರಿತು. ನೀರು ಒಂದೇ ಆದರೂ ಮತದ ಹರಿವು ಮಾತ್ರ ಬಹುಕಾಲ ಬೇರೆಬೇರೆಯಾಗಿಯೇ ಇತ್ತು.

ಗಣಿ ಪಟ್ಟಣದ ಕ್ಷೇತ್ರದಿಂದ 1983, 1989 ಮತ್ತು 1999ರಲ್ಲಿ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗಂ, 1985ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷ ವಿಧಾನಸಭೆಯನ್ನು ಪ್ರವೇಶಿಸಿದವು. ಕರ್ನಾಟಕದ ಇತರ ಭಾಗಗಳಲ್ಲಿ ಅಪರೂಪವಾದ ಈ ಒಲವಿಗೆ ಕಾರಣ ಸ್ಪಷ್ಟವಿದೆ. ತಮಿಳುನಾಡಿನಿಂದ ವಲಸೆ ಬಂದ ಕಾರ್ಮಿಕರಲ್ಲಿ ದಲಿತರು ಬಹುಸಂಖ್ಯಾತರಾಗಿದ್ದರು. ಕೂಲಿ, ವಸತಿ, ಅಪಘಾತದ ಪರಿಹಾರ ಮುಂತಾದವುಗಳಿಗೆ ಅವರು ಆಶ್ರಯಿಸಿದುದು ಕಾರ್ಮಿಕ ಸಂಘಗಳನ್ನು. ಸಂಘದ ಬಾವುಟವೇ ಮತದ ದಾರಿಯನ್ನೂ ತೋರಿತು.

ಬೇತಮಂಗಲವಾದರೋ 2008ರವರೆಗೆ ಪ್ರತ್ಯೇಕ ಕ್ಷೇತ್ರವಾಗಿತ್ತು. ಇಲ್ಲಿಯ ಸ್ಪರ್ಧೆ ಮುಖ್ಯವಾಗಿ ರಾಜ್ಯವ್ಯಾಪಿ ಪಕ್ಷಗಳ ನಡುವೆ ನಡೆಯಿತು. ರೈತನ ಅಗತ್ಯಗಳಾದ ಪಂಪ್‌ಸೆಟ್ಟಿನ ವಿದ್ಯುತ್ತು, ಸಹಕಾರ ಸಂಘದ ಸಾಲ, ಪಡಿತರ ಚೀಟಿ, ವೃದ್ಧಾಪ್ಯ ವೇತನ ಇವೆಲ್ಲವೂ ಸರ್ಕಾರದ ಕಚೇರಿಗಳಿಂದಲೇ ದೊರೆಯಬೇಕು. ಆದುದರಿಂದ ಅಧಿಕಾರ ಹಿಡಿಯಬಲ್ಲ ಪಕ್ಷದತ್ತ ಆತನು ಒಲಿದುದು ಸಹಜ.

ಜಾತಿಯ ಪ್ರಶ್ನೆಯನ್ನೂ ಸೂಕ್ಷ್ಮವಾಗಿ ನೋಡಬೇಕು. ಈ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾದುದು. ಕೋಲಾರದ ಲೋಕಸಭಾ ಕ್ಷೇತ್ರವೂ ಅಂತೆಯೇ. ಮೀಸಲು ಕ್ಷೇತ್ರದಲ್ಲಿ ಭೂಮಿಯುಳ್ಳ ಸಮುದಾಯಗಳ ಮತದಾರರು ತಮ್ಮ ಜಾತಿಯವನಿಗೇ ಮತ ನೀಡುವ ಪ್ರಸಂಗವೇ ಉಂಟಾಗದು. ಅವರ ಪ್ರಭಾವವು ಬೆಂಬಲದ ರೂಪದಲ್ಲಿ ವ್ಯಕ್ತವಾಗುತ್ತದೆ. ಹೀಗೆ ಮೀಸಲಾತಿಯು ಅಧಿಕಾರದ ಪೀಠವನ್ನು ದಲಿತರಿಗೆ ತೆರೆದರೂ, ಆ ಪೀಠದಲ್ಲಿ ಕುಳಿತವನು ಎಲ್ಲರ ಮತವನ್ನೂ ಅವಲಂಬಿಸಬೇಕಾಗುತ್ತದೆ. ಇದರಲ್ಲಿ ಸೌಹಾರ್ದಕ್ಕೆ ಅವಕಾಶವಿರುವಂತೆಯೇ ಮೂಕ ಅಧೀನತೆಯ ಅಪಾಯವೂ ಇದೆ.

ಗ್ರಾಮ ಪಂಚಾಯಿತಿಯ ಚುನಾವಣೆಯ ರೀತಿಯೇ ಬೇರೆ. ರಾಜ್ಯದ ಕಾಯಿದೆಯಂತೆ ಅಲ್ಲಿ ಪಕ್ಷದ ಚಿಹ್ನೆಗಳಿಗೆ ಎಡೆಯಿಲ್ಲ. ನೆಂಟಸ್ತನ, ಕೇರಿ, ನಲ್ಲಿಯ ನೀರು, ಬೀದಿಯ ದೀಪ ಇವು ಅಲ್ಲಿ ಮುಂದಾಗುತ್ತವೆ. ಪಂಚಾಯಿತಿಯಲ್ಲಿ ಅಕ್ಕಪಕ್ಕದ ಮನೆಯವನನ್ನು ಆರಿಸಿದವನೇ ವಿಧಾನಸಭೆಗೆ ಆ ನೆರೆಯವನು ವಿರೋಧಿಸುವ ಪಕ್ಷವನ್ನು ಬೆಂಬಲಿಸಬಹುದು. ಇದನ್ನು ಚಂಚಲತೆಯೆನ್ನುವುದಕ್ಕಿಂತ ವಿವೇಚನೆಯೆನ್ನುವುದೇ ಯುಕ್ತ.

2001ರಲ್ಲಿ ಗಣಿಗಳು ಮುಚ್ಚಿದವು. ಸಂಘಗಳ ಬಲ ಕುಂದಿತು; ಪಟ್ಟಣದ ಸಹಸ್ರಾರು ಜನ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೇತಮಂಗಲ ಕ್ಷೇತ್ರವು ಇಲ್ಲವಾಗಿ, ಬೇತಮಂಗಲ ಹಾಗೂ ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳು ಗಣಿ ಪಟ್ಟಣದ ಕ್ಷೇತ್ರವನ್ನು ಸೇರಿದವು. ಆನಂತರ 2008 ಮತ್ತು 2013ರಲ್ಲಿ ಭಾರತೀಯ ಜನತಾ ಪಕ್ಷವೂ 2018 ಮತ್ತು 2023ರಲ್ಲಿ ಕಾಂಗ್ರೆಸ್ಸೂ ಅಲ್ಲಿ ಗೆದ್ದವು. ಕಾರ್ಮಿಕರ ಹಳೆಯ ಪಕ್ಷಗಳಲ್ಲಿ ಒಂದೂ ಗೆಲ್ಲಲಿಲ್ಲ. ಹಳ್ಳಿಯ ಮತದ ತೂಕ ಪಟ್ಟಣದಲ್ಲಿ ಹೆಚ್ಚಿತು. ಆದರೆ ವಿಧಾನಸಭೆಯ ಪಟ್ಟಿಯಿಂದ ಹಳ್ಳಿಯ ಹೆಸರೇ ಅಳಿಯಿತು, ಗಣಿಯ ದನಿಯೂ ಅಡಗಿತು.

ಇದರಿಂದ ತಿಳಿಯುವುದಿಷ್ಟು: ಮತವು ಕೇವಲ ಜಾತಿಯನ್ನಾಗಲಿ ಭಾಷೆಯನ್ನಾಗಲಿ ಅನುಸರಿಸದೆ, ಕಷ್ಟಕಾಲದಲ್ಲಿ ಮತದಾರನು ಯಾರ ಬಾಗಿಲನ್ನು ತಟ್ಟಬೇಕಾಗುತ್ತದೆಯೋ ಆ ದಿಕ್ಕಿಗೇ ಬಹುಮಟ್ಟಿಗೆ ಹರಿಯುತ್ತದೆ. ನ್ಯಾಯವಾಗಿ ದೊರೆಯಬೇಕಾದ ನೀರು, ವಿದ್ಯುತ್ತು, ವೇತನಗಳು ಯಾರ ಬಾಗಿಲನ್ನೂ ತಟ್ಟದೆ ಕೈಸೇರುವ ದಿನ ಬಂದಾಗಲೇ ಹಳ್ಳಿಯ ಮತವು ನಿಜವಾದ ಅರ್ಥದಲ್ಲಿ ಸ್ವತಂತ್ರವಾದೀತು.