ಬೇಸಿಗೆಯಲ್ಲಿ ಹಿತ್ತಲ ಸೊಪ್ಪಿನ ಬೆಳೆ
(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗಾಗಿ)

ರಾಗಿಯ ಮುದ್ದೆಗೆ ಸೊಪ್ಪಿನ ಸಾರು ಈ ಸೀಮೆಯ ಹಳೆಯ ಜೊತೆ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರುಗಳಿಗೆ ಬೇಕಾದ ಅಣ್ಣೆ, ಗೋಣಿ, ಹೊನಗೊನ್ನೆ, ಕನ್ನೆ ಮೊದಲಾದ ಬೆರಕೆ ಸೊಪ್ಪುಗಳನ್ನು ಹೆಂಗಸರು ಹೊಲದ ಬದುಗಳಿಂದಲೇ ಕೊಯ್ದು ತರುತ್ತಿದ್ದರು. 1930ರ ದಶಕದಿಂದೀಚೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, ಬೆದ್ದಲು ಭೂಮಿಯ ಬಹುಭಾಗವು ಬತ್ತ ಮತ್ತು ಕಬ್ಬಿನ ಗದ್ದೆಯಾಯಿತು. ಇತ್ತೀಚೆಗೆ ಕಳೆನಾಶಕದ ಬಳಕೆಯೂ ಸೇರಿದೆ. ಅದನ್ನು ಹೊಡೆದ ಬದುವಿನ ಸೊಪ್ಪು ಊಟಕ್ಕೆ ತಕ್ಕುದಲ್ಲ. ಹೀಗೆ ಹೊಲದಿಂದ ಪುಕ್ಕಟೆಯಾಗಿ ಬರುತ್ತಿದ್ದ ಪದಾರ್ಥವನ್ನು ಈಗ ಸಂತೆಯಲ್ಲಿ ಹಣ ಕೊಟ್ಟು ತರಬೇಕಾಗಿದೆ. ಬೇಸಿಗೆಯಲ್ಲಿ ಅದೂ ಬಾಡಿದ ಸೊಪ್ಪು.

ಇದು ರುಚಿಯ ಮಾತು ಮಾತ್ರವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೂ ರಕ್ತಹೀನತೆಯುಂಟು. ಹೆಂಗಸರು ದಿನಕ್ಕೆ 100 ಗ್ರಾಂನಷ್ಟು ಹಸಿರು ಸೊಪ್ಪನ್ನು ತಿನ್ನಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಸಲಹೆ. ಹಿತ್ತಲಿನ ಕೆಲವು ಮಡಿಗಳಿಂದ ಈ ಕೊರತೆಯ ಒಂದು ಭಾಗವನ್ನಾದರೂ ನೀಗಬಹುದು.

ಬಿಸಿಲಿಗೆ ತಡೆಯುವ ಜಾತಿಗಳು:— ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳು ತಂಪು ಕಾಲದ ಬೆಳೆಗಳು. ಮಾರ್ಚಿಯ ನಂತರ ಬಿತ್ತಿದರೆ ಎಲೆ ಬಲಿಯುವ ಮೊದಲೇ ಹೂವಿಗೆ ಬರುತ್ತವೆ. ದಂಟು ಮತ್ತು ಕೀರೆಯ ಸ್ವಭಾವ ಬೇರೆ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಎಲೆಯೊಳಗೆ ಸಾಂದ್ರವಾಗಿ ಕೂಡಿಸಿಕೊಂಡು ಆಹಾರ ತಯಾರಿಸುವ ಶಕ್ತಿ ಇವುಗಳಿಗುಂಟು. ಆದ್ದರಿಂದ ಬಿರುಬಿಸಿಲಿನಲ್ಲಿಯೂ, ಸ್ವಲ್ಪ ನೀರಿನಲ್ಲಿಯೂ ಚೆನ್ನಾಗಿ ಬೆಳೆಯುತ್ತವೆ. ರಾಗಿ, ಜೋಳ, ಕಬ್ಬುಗಳೂ ಇದೇ ವರ್ಗಕ್ಕೆ ಸೇರಿದುವು, ಬತ್ತವು ಸೇರಿದುದಲ್ಲ. ಗೋಣಿ ಸೊಪ್ಪು ತನ್ನ ದಪ್ಪ ಎಲೆ ಕಾಂಡಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಸಳೆಯು ನೀರು ತಪ್ಪದಿದ್ದರೆ ಸೆಖೆಯಲ್ಲಿಯೇ ಹೆಚ್ಚಾಗಿ ಹಬ್ಬುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ದಂಟಿನ ತಳಿಗಳಲ್ಲಿ ಹಸಿರೆಲೆಯ ಅರ್ಕಾ ಸುಗುಣ ಮತ್ತು ಕೆಂಪೆಲೆಯ ಅರ್ಕಾ ಅರುಣಿಮ ಎಂಬುವು ಹಲವು ಕೊಯ್ಲುಗಳಿಗೆ ಒದಗುತ್ತವೆ.

ನೆಲ ಮತ್ತು ಮಡಿ:— ಬೆಳಿಗ್ಗೆಯಿಂದ ಬಿಸಿಲು ಬೀಳುವ, ಮಧ್ಯಾಹ್ನದ ಮೇಲೆ ತೆಂಗಿನ ಅಥವಾ ನುಗ್ಗೆಯ ತೆಳು ನೆರಳಿರುವ ಜಾಗವು ಉತ್ತಮ. ಮಡಿಯು 6 ಅಡಿ ಉದ್ದ, 3 ಅಡಿ ಅಗಲವಿದ್ದರೆ ಎರಡು ಪಕ್ಕದಿಂದಲೂ ಕೈಗೆಟಕುತ್ತದೆ. ಬೇಸಿಗೆಯ ಮಡಿ ಸುತ್ತಲಿನ ನೆಲಕ್ಕಿಂತ ಎರಡು ಅಂಗುಲ ತಗ್ಗಾಗಿರಲಿ. ಹಾಕಿದ ನೀರು ಅಲ್ಲಿಯೇ ಇಂಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾಗಿ ಏರುಮಡಿ ಮಾಡಬೇಕು. ಮಳವಳ್ಳಿ ಕಡೆಯ ಕೆಂಪು ಮರಳು ಮಣ್ಣಿಗೆ ಮಡಿಯೊಂದಕ್ಕೆ ಒಂದು ಮಂಕರಿಯಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ನಾಲೆಯ ಬಯಲಿನ ಜಿಗುಟು ಮಣ್ಣಿಗೆ ಗೊಬ್ಬರದೊಡನೆ ಸ್ವಲ್ಪ ಮರಳೂ ಬೇಕು. ಹಸಿ ಸಗಣಿಯನ್ನು ಹಾಕಕೂಡದು.

ಬಿತ್ತನೆ:— ದಂಟಿನ ಬೀಜ ಅತಿ ಸಣ್ಣದು. ಒಂದು ಗ್ರಾಂನಲ್ಲಿ ಸಾವಿರಕ್ಕೂ ಮಿಕ್ಕಿ ಕಾಳುಗಳಿರುತ್ತವೆ. ಮಡಿಗೆ 2 ಗ್ರಾಂ ಸಾಕು. ಬೀಜವನ್ನು ಹತ್ತರಷ್ಟು ಒಣ ಮರಳಿನೊಡನೆ ಬೆರೆಸಿ ಎರಚಿದರೆ ಸಮನಾಗಿ ಬೀಳುತ್ತದೆ. ಅದರ ಮೇಲೆ ಕಾಲು ಅಂಗುಲಕ್ಕಿಂತ ಹೆಚ್ಚು ಮಣ್ಣು ಮುಚ್ಚಬಾರದು. ಮೊಳೆಯಲಿಲ್ಲವೆಂದು ಬೀಜವನ್ನು ದೂರುವ ಸಂದರ್ಭಗಳಲ್ಲಿ ಬಹಳಷ್ಟಕ್ಕೆ ಕಾರಣ ಆಳವಾಗಿ ಬಿತ್ತಿದುದು, ಇಲ್ಲವೆ ಇರುವೆ ಹೊತ್ತುದು. ಇರುವೆಗಳಿಗಾಗಿ ಮಡಿಯ ಅಂಚಿನಲ್ಲಿ ಒಂದು ಹಿಡಿ ಅಕ್ಕಿ ನುಚ್ಚನ್ನು ಚೆಲ್ಲಿದರೆ ಅವು ಅದನ್ನೇ ಹೊರುತ್ತವೆ. ಮಡಿಯನ್ನು ತೆಳುವಾಗಿ ಹುಲ್ಲಿನಿಂದ ಮುಚ್ಚಿ ತೇವ ಆರದಂತೆ ನೋಡಿಕೊಳ್ಳಬೇಕು. ಮೂರರಿಂದ ಐದು ದಿನಗಳಲ್ಲಿ ಮೊಳಕೆ ಕಾಣುತ್ತಲೇ ಹುಲ್ಲನ್ನು ಸಂಜೆಯ ಹೊತ್ತು ತೆಗೆಯತಕ್ಕದ್ದು; ಮಧ್ಯಾಹ್ನ ತೆಗೆದರೆ ಎಳೆಯ ಪೈರು ಸುಡುತ್ತದೆ.

ಗೋಣಿಯ ಬೀಜಕ್ಕೆ ಬೆಳಕು ಬೇಕಾದುದರಿಂದ ಅದನ್ನು ಮಣ್ಣಿನ ಮೇಲೆಯೇ ಚೆಲ್ಲಿ ಅಂಗೈಯಿಂದ ಒತ್ತಿದರೆ ಸಾಕು. ಬಸಳೆಯ ಬೀಜದ ಸಿಪ್ಪೆ ಗಟ್ಟಿ. ಒಂದು ಹಗಲು ಒಂದು ರಾತ್ರಿ ನೆನೆಯಿಟ್ಟು ಬೇಲಿಯ ಅಥವಾ ಚಪ್ಪರದ ಬುಡದಲ್ಲಿ ಒಂದೊಂದು ಅಡಿಗೆ ಒಂದರಂತೆ ಊರಬೇಕು. ಮೊಳೆಯಲು ಎರಡು ಮೂರು ವಾರ ಹಿಡಿಯಬಹುದು.

ನೀರು:— ಬೇಸಿಗೆಯಲ್ಲಿ ಒಂದು ಮಡಿಗೆ ದಿನಕ್ಕೆ ಒಂದು ಬಿಂದಿಗೆ ನೀರು ಸಾಕು. ನಾಲೆ ನಿಂತರೂ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಕೂಡಿಸಿಟ್ಟರೆ ಇದರಲ್ಲಿ ಒಂದು ಪಾಲು ಒದಗುತ್ತದೆ. ಬಟ್ಟೆಯ ಸೋಡ ಪುಡಿ ಬೆರೆತ ನೀರನ್ನೂ ಬಚ್ಚಲ ಮೋರಿಯ ಕೊಳೆ ನೀರನ್ನೂ ಸೊಪ್ಪಿಗೆ ಬಿಡಕೂಡದು. ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕುವುದರಿಂದ ಎಲೆಯ ಅಡಿಯಲ್ಲಿ ಕಾಣುವ ಬಿಳಿ ತುಕ್ಕು ರೋಗ ಕಡಮೆಯಾಗುತ್ತದೆ. ನೀರಿಗೆ ತಪ್ಪಿದ ಪೈರು ಬೇಗನೆ ಹೂವಿಗೆ ತಿರುಗುತ್ತದೆ.

ಕೊಯ್ಲು:— ಹದಿನೈದನೆಯ ದಿನ ಒತ್ತಾಗಿರುವ ಪೈರನ್ನು ಕಿತ್ತು ಅಡಿಗೆಗೆ ಬಳಸಬಹುದು. 25ರಿಂದ 30 ದಿನಗಳಲ್ಲಿ ನೆಲದಿಂದ ಮೂರು ಅಂಗುಲ ಬಿಟ್ಟು ಕೊಯ್ದರೆ ಮತ್ತೆ ಚಿಗುರಿ, ಹತ್ತು ಹನ್ನೆರಡು ದಿನಗಳಿಗೊಮ್ಮೆ ಕೊಯ್ಲಿಗೆ ಬರುತ್ತದೆ. ಪ್ರತಿ ಕೊಯ್ಲಿನ ನಂತರ ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಳ ಬೆರೆಸಿ ಹಾಕುವುದು ಒಳ್ಳೆಯದು. ಯೂರಿಯವನ್ನು ಹೇರಳವಾಗಿ ಹಾಕಿದರೆ ಸೊಪ್ಪಿನಲ್ಲಿ ನೈಟ್ರೇಟು ಸೇರಿ ತಿನ್ನುವವರಿಗೆ ಕೆಡಕು. ಎಲೆ ಸುತ್ತುವ ಹುಳುವನ್ನು ಸುತ್ತಿದ ಎಲೆ ಸಮೇತ ಕಿತ್ತು ನಾಶಮಾಡಬೇಕು. ಮಿಕ್ಕರೆ ಲೀಟರು ನೀರಿಗೆ 50 ಗ್ರಾಂನಂತೆ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ ಸೋಸಿ ಸಿಂಪಡಿಸಬಹುದು. ವಾರಕ್ಕೊಂದರಂತೆ ನಾಲ್ಕು ಮಡಿ ಬಿತ್ತಿದರೆ ಸಾಧಾರಣ ಸಂಸಾರಕ್ಕೆ ವಾರಕ್ಕೆ ಎರಡು ಸಲ ಸಾರಿಗಾಗುವಷ್ಟು ಸೊಪ್ಪು ಸಿಗುತ್ತದೆ. ದಿನವೂ ಬೇಕೆನ್ನುವವರು ಮಡಿಗಳನ್ನು ಹೆಚ್ಚಿಸಬೇಕು.

ಅಡಿಗೆಯಲ್ಲಿ ಗಮನಿಸಬೇಕಾದುದು:— ಬೇಯಿಸಿದ ನೀರಿನಲ್ಲಿ ಸೊಪ್ಪಿನ ಸಾರ ಬಹಳವಾಗಿ ಇಳಿಯುತ್ತದೆ. ಬಸಿದ ಕಟ್ಟಿನಿಂದಲೇ ಸಾರು ಮಾಡುವ ಬಸ್ಸಾರಿನ ಪದ್ಧತಿ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಊಟದಲ್ಲಿ ನಿಂಬೆಹಣ್ಣಿನ ರಸವಿದ್ದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಹೆಚ್ಚಾಗಿ ಹತ್ತುತ್ತದೆ. ಊಟವಾದ ಕೂಡಲೆ ಕಾಫಿ, ಟೀ ಕುಡಿದರೆ ಕಡಮೆಯಾಗುತ್ತದೆ.

ಬೀಜ:— ಪ್ರತಿವರ್ಷ ಬೀಜವನ್ನು ಕೊಳ್ಳಬೇಕಾಗಿಲ್ಲ. ತಡವಾಗಿ ಹೂ ಬಿಡುವ, ರೋಗವಿಲ್ಲದ ಹತ್ತು ಗಿಡಗಳನ್ನು ಕೊಯ್ಯದೆ ಉಳಿಸಬೇಕು. ದಂಟಿನ ಪರಾಗ ಗಾಳಿಯಲ್ಲಿ ಹಾರುವುದರಿಂದ ಹತ್ತಿರದ ಮುಳ್ಳುದಂಟನ್ನು ಕಿತ್ತುಹಾಕಬೇಕು. ಕೆಂಪು ಮತ್ತು ಹಸಿರು ಜಾತಿಗಳನ್ನು ಒಟ್ಟಿಗೆ ಬೀಜಕ್ಕೆ ಬಿಡಬಾರದು. ತೆನೆಯ ಬುಡ ಒಣಗಿ ಕಾಳು ಕಪ್ಪಾದಾಗ ಕೊಯ್ದು, ಬಡಿದು, ತೂರಿ, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಬಿಗಿಯಾದ ಶೀಷೆಯಲ್ಲಿಡಬೇಕು.

ಒಂದು ಗಿಡ ಸಾವಿರಾರು ಕಾಳು ಕೊಡುತ್ತದೆ. ಒಬ್ಬ ಜಮೀನುದಾರರ ಹಿತ್ತಲ ಹತ್ತು ಗಿಡಗಳಿಂದ ಊರಿನ ಎಷ್ಟೋ ಮನೆಗಳಿಗೆ ಬೀಜವಾಗಬಹುದು. ಹೊಲವಿಲ್ಲದವರಿಗೂ ಮನೆಯ ಹಿಂದೆ ಆರಡಿ ಜಾಗವಿರುವುದುಂಟು. ಅವರಲ್ಲಿ ಇಲ್ಲದಿರುವುದು ಒಳ್ಳೆಯ ಬೀಜ ಮತ್ತು ಬಿತ್ತುವ ಕ್ರಮದ ತಿಳಿವಳಿಕೆ. ಗ್ರಾಮದ ಮುಖಂಡರು ತಮ್ಮ ಹಿತ್ತಲಲ್ಲಿ ಮೊದಲು ಬೆಳೆದು ತೋರಿಸಿ, ಅಂಗನವಾಡಿ ಮತ್ತು ಪಾಠಶಾಲೆಯ ಆವರಣಗಳಲ್ಲಿಯೂ ಬಿತ್ತಿಸಿ, ಯುಗಾದಿಗೆ ಮುಂಚೆಯೇ ಬೀಜ ಹಂಚಿದರೆ, ಬರುವ ಬೇಸಿಗೆಯಲ್ಲಿ ಆ ಮನೆಗಳ ಮಕ್ಕಳ ತಣಿಗೆಗೂ ಸೊಪ್ಪು ಬೀಳುವುದು.